ತಲೆಬಿಸಿ ಎಂದು ಬರೆದ ದಿನಗಳು

ನಸುಕಿನ ಕತ್ತಲಲ್ಲಿ ತೊಗಟೆ ಕೆತ್ತಿ ಹಾಲು ಇಳಿಸುವ ರಬ್ಬರ್ ಟ್ಯಾಪಿಂಗ್ ಮಾಡುವವರೆಲ್ಲ ಹೆಡ್‌ಲೈಟನ್ನು ಹಣೆಗೆ ಕಟ್ಟಿಕೊಳ್ಳುತ್ತಾರೆ. ವಿನೋದಾ ಮಾತ್ರ ಎಡ ಹೆಗಲಿಗೆ ಕಟ್ಟುತ್ತಾಳೆ, ಹಳೆ ಸೀರೆಯ ಅಂಚಿನಿಂದ ಬಿಗಿದು. ಬೆಳಕು ಮರದ ತೊಗಟೆಗೆ ಸರಿಯಾಗಿ ಬೀಳಬೇಕಾದರೆ ಅವಳು ಪ್ರತಿ ಮರದ ಎದುರು ಮೈ ವಾಲಿಸಿ, ಒಂದು ಕಾಲು ಹಿಂದಿಟ್ಟು ನಿಲ್ಲಬೇಕು. ಮುನ್ನೂರು ಮರಕ್ಕೆ ಮುನ್ನೂರು ಸಲ. ಬೇರೆ ಹೆಂಗಸರು ಅವಳನ್ನು ‘ವಾರೆ ವಿನೋದಾ’ ಎಂದು ತಮಾಷೆ ಮಾಡುತ್ತಾರೆ. ಹಣೆಗೆ ಯಾಕೆ ಕಟ್ಟುವುದಿಲ್ಲ ಎಂದು ಅವರ್‍ಯಾರೂ ಕೇಳಿಲ್ಲವಂತೆ. ನಾನು ಕೇಳಿದೆ, ಯಾಕೆಂದರೆ ಕೇಳುವುದೇ ನನ್ನ ಕಸುಬು. “ಪಟ್ಟಿ ಹಣೆಗೆ ತಾಗಿದ್ರೆ ಜೀವ ಹೋಗ್ತದೆ ಅಕ್ಕಾ” ಎಂದಳು.

ನನ್ನ ಹೆಸರು ಕಾಂತಿ, ಮೂಡಬಿದಿರೆಯವಳು. ಇಪ್ಪತ್ತೆರಡು ವರ್ಷದಿಂದ ಮನೆ ಮನೆಗೆ ಹೋಗಿ ಎಣಿಸುತ್ತಾ ಬಂದಿದ್ದೇನೆ. ಜನ, ದನ, ಶೌಚಾಲಯ, ಪೋಲಿಯೊ ಹನಿ ಕುಡಿದ ಮಕ್ಕಳು, ಕುಡಿಯದೆ ಹಿತ್ತಿಲಿಗೆ ಓಡಿದ ಮಕ್ಕಳು. ಯಾರು ಕರೆದರೂ ಚೀಲ ಹೆಗಲಿಗೇರಿಸಿ ಹೊರಟವಳೇ. ಬಾಗಿಲು ತೆರೆದ ಹೆಂಗಸಿನ ಮುಖ ನೋಡಿದ ಕೂಡಲೇ ಅವಳು ಯಾವ ಪ್ರಶ್ನೆಗೆ ಸುಳ್ಳು ಹೇಳುತ್ತಾಳೆಂದು ನನಗೆ ಗೊತ್ತಾಗುತ್ತದೆ ಎಂಬ ಅಹಂಕಾರ ಬೇರೆ. ಆ ಅಹಂಕಾರಕ್ಕೆ ಇಷ್ಟು ಬೆಂಕಿ ಬೀಳ.

ಎರಡು ವರ್ಷದ ಹಿಂದೆ ಮಂಗಳೂರು ಕಡೆಯ ಒಂದು ಮೆಡಿಕಲ್ ಕಾಲೇಜಿನವರು ನನ್ನನ್ನು ಕರೆದರು. ಮೈಗ್ರೇನ್ ಎಂಬ ತಲೆನೋವು ರೋಗಿಗಳ ದಿನನಿತ್ಯದ ಬದುಕನ್ನು ಎಷ್ಟು ತಿಂದುಹಾಕಿದೆ ಎಂದು ಅಳೆಯುವ ಅಧ್ಯಯನ. ಮೂಡಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಮನೆಗಳು ನನ್ನ ಪಾಲಿಗೆ ಬಂದವು. ಅಳೆಯಲು ಎರಡು ಸಾಧನ. ಒಂದು, ನಾನು ಓದಿ ಕೇಳಬೇಕಾದ ಪ್ರಶ್ನಾವಳಿ. ಇನ್ನೊಂದು ನೀಲಿ ರಟ್ಟಿನ ದಿನಚರಿ ಪುಸ್ತಕ. ರೋಗಿ ಅದರಲ್ಲಿ ಮೂರು ತಿಂಗಳ ಕಾಲ ದಿನಕ್ಕೊಂದು ಸಾಲು ಬರೆಯಬೇಕು. ತಿಂಗಳಿಗೆ ಹದಿನೈದು ದಿನವಾದರೂ ತಲೆನೋವು ಬಂದವರು ‘ದೀರ್ಘಕಾಲಿಕ’ ಎಂಬ ವರ್ಗಕ್ಕೆ ಸೇರುತ್ತಾರೆ. ಅವರಿಗೆ ಒಂದು ವರ್ಷ ಉಚಿತ ಚಿಕಿತ್ಸೆ, ತಿಂಗಳಿಗೊಂದು ಇಂಜೆಕ್ಷನ್. ನಮ್ಮ ಕಡೆಯ ಹಳ್ಳಿಯವರು ಹೆಸರು ಕೂಡ ಕೇಳದ ಔಷಧ. ಹದಿನಾಲ್ಕು ದಿನ ಬಂದವರಿಗೆ ಒಂದು ಪತ್ರ, ಒಂದು ನಮಸ್ಕಾರ.

ವಿನೋದಾಳ ಮನೆ ವೇಣೂರಿನಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಿಂದ ಒಳಗೆ, ಹೇಮರಾಜರ ರಬ್ಬರ್ ತೋಟದ ಅಂಚಿನಲ್ಲಿ. ವಯಸ್ಸು ನಲವತ್ತೊಂದು. ಗಂಡ ಶೇಖರ ಪಿಕಪ್ ಓಡಿಸುತ್ತಾನೆ. ಅತ್ತೆ ಇದ್ದಾರೆ. ಮಗಳು ಸುರಕ್ಷಾ ಮೂಡಬಿದಿರೆಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಆ ಹುಡುಗಿ ಐದು ವರ್ಷದವಳಿರುವಾಗಲೇ ಪಾತ್ರೆಯನ್ನು ಸದ್ದಾಗದಂತೆ ನೆಲಕ್ಕಿಡಲು ಕಲಿತಿದ್ದಳಂತೆ. “ಉಳಿದ ಮಕ್ಕಳು ಅ ಆ ಇ ಈ ಕಲೀವಾಗ ಇವಳು ಮೆಲ್ಲ ನಡೀಲಿಕ್ಕೆ ಕಲಿತಳು” ಎಂದು ವಿನೋದಾ ಹೇಳಿದಳು. ಅದನ್ನು ಹೇಳುವಾಗ ನಕ್ಕಳು. ನನಗೆ ನಗು ಬರಲಿಲ್ಲ.

ತಲೆನೋವು ಶುರುವಾಗಿ ಇಪ್ಪತ್ತು ವರ್ಷ ದಾಟಿತ್ತು. ಮಾಡದ ಮದ್ದಿಲ್ಲ. ಕನ್ನಡಕ ಹಾಕಿಸಿದರು. ಹುಳುಕಿದ್ದ ಒಂದು ಹಲ್ಲು, ಹುಳುಕದ ಎರಡು ಹಲ್ಲು ಕೀಳಿಸಿದರು. ಬಂಟ್ವಾಳದಲ್ಲಿ ಯಾರೋ ಮೂಗಿಗೆ ಎಣ್ಣೆ ಬಿಟ್ಟರು, ಮಾಣಿಯಲ್ಲಿ ಯಾರೋ ನೂಲು ಕಟ್ಟಿದರು, ಮೈಮೇಲೆ ಬರುವ ದರ್ಶನದಲ್ಲಿ ದೈವದ ಹತ್ತಿರವೂ ಕೇಳಿದ್ದಾಯಿತು. ಶೇಖರ ಎಲ್ಲ ಕಡೆಗೂ ಕರೆದುಕೊಂಡು ಹೋದವನೇ, ಅದನ್ನು ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಆದರೆ ಇಪ್ಪತ್ತು ವರ್ಷ ಕರೆದುಕೊಂಡು ಹೋದವನಿಗೂ ಸುಸ್ತಾಗುತ್ತದೆ. ಯಾವ ಡಾಕ್ಟರೂ ಒಂದು ಕಾಗದದಲ್ಲಿ ಇಂಥದ್ದೇ ರೋಗ ಎಂದು ಬರೆದುಕೊಟ್ಟಿರಲಿಲ್ಲ. ಕೊನೆಕೊನೆಗೆ ಅವಳು ಮಲಗಿದರೆ ಮನೆಯಲ್ಲಿ ಯಾರೂ ‘ಏನಾಯಿತು’ ಎಂದು ಕೇಳುತ್ತಿರಲಿಲ್ಲ. ಅವಳು ಅಂಗಡಿಯ ಮಾತ್ರೆ ದಿನಕ್ಕೆ ಎರಡು, ಮೂರು ನುಂಗಿ ಎದ್ದು ಹೋಗುತ್ತಿದ್ದಳು.

ಹಾಗಾಗಿ ಮೊದಲ ದಿನ ನಾನು ಇಂಜೆಕ್ಷನ್ನಿನ ವಿಷಯ ವಿವರಿಸಿ ಮುಗಿಸಿದಾಗ ಅವಳು ಕೇಳಿದ್ದು ಇಂಜೆಕ್ಷನ್ ನೋಯುತ್ತದಾ ಎಂದಲ್ಲ. “ಲಿಸ್ಟಿನಲ್ಲಿ ನನ್ನ ಹೆಸರು ಬಂದ್ರೆ, ಇದು ರೋಗ ಅಂತ ಬರೀತಾರಾ?”

“ಬರೀತಾರೆ. ಸೀಲ್ ಹಾಕಿ ಕೊಡ್ತಾರೆ.”

“ಹಾಗಾದ್ರೆ ಹೇಗಾದ್ರೂ ಬರ್ಲಿ ಅಕ್ಕಾ” ಎಂದು ನನ್ನ ಕೈ ಹಿಡಿದುಕೊಂಡಳು. ಕೈಯೆಲ್ಲ ರಬ್ಬರ್ ಹಾಲು ಒಣಗಿ ಅಂಟಂಟಾಗಿತ್ತು.

ಪ್ರಶ್ನಾವಳಿಯನ್ನು ಅಚ್ಚಾದ ಹಾಗೆಯೇ ಕನ್ನಡದಲ್ಲಿ ಓದಬೇಕು, ತುಳುವಿನಲ್ಲಿ ಬಿಡಿಸಿ ಹೇಳಬಾರದು ಎಂದು ತರಬೇತಿಯಲ್ಲಿ ಕಟ್ಟುನಿಟ್ಟು ಮಾಡಿದ್ದರು. ನಾನೂ ಶಾಲೆಯ ಇನ್‌ಸ್ಪೆಕ್ಟರ್ ಹಾಗೆ ಓದಿದೆ. “ಕಳೆದ ಮೂರು ತಿಂಗಳಲ್ಲಿ ತಲೆನೋವಿನ ಕಾರಣದಿಂದ ತಾವು ಎಷ್ಟು ದಿನ ಕೆಲಸಕ್ಕೆ ಗೈರುಹಾಜರಾಗಿದ್ದೀರಿ?”

“ರಜೆಯಾ? ಎಂತ ರಜೆ ಮಾರಾಯ್ರೆ! ಪ್ಲಾಸ್ಟಿಕ್ ಕಟ್ಟಿದ್ರೆ ಮಳೆಗಾಲದಲ್ಲೂ ಮರ ಹಾಲು ಬಿಡ್ತದೆ. ನನ್ನ ತಲೆ ನೋಡಿ ಅದು ಕಾಯ್ತದಾ?”

“ಸೊನ್ನೆ ಅಂತ ಬರೀಲಾ?”

“ಹೋಗಿದ್ದು ಹೌದು. ಆದ್ರೆ ಹೇಗೆ ಹೋಗಿದ್ದು ಅಂತ ಬರೀಲಿಕ್ಕೆ ಜಾಗ ಉಂಟಾ ನೋಡಿ.”

ಜಾಗ ಇರಲಿಲ್ಲ. ಸೊನ್ನೆ ಬರೆದೆ. ಎಷ್ಟು ದಿನ ಮನೆಗೆಲಸ ಮಾಡಲಾಗಲಿಲ್ಲ ಎಂಬ ಪ್ರಶ್ನೆ ಬಂದಾಗ ಅತ್ತೆ ಅಲ್ಲೇ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. “ನಮಗೂ ಬರ್ತಿತ್ತು ತಲೆನೋವು. ಹಣೆಗೆ ಸುಣ್ಣ ಹಚ್ಚಿ ಗದ್ದೆಗೆ ನೇಜಿ ನೆಡ್ಲಿಕ್ಕೆ ಹೋಗ್ತಿದ್ದೆವು” ಎಂದರು, ನನಗಲ್ಲ, ಬೀಜಕ್ಕೆ ಹೇಳಿದ ಹಾಗೆ. ವಿನೋದಾ ಅವರ ಕಡೆ ಒಮ್ಮೆ ನೋಡಿ, “ಹಾಗೆಲ್ಲ ಏನಿಲ್ಲ, ಮಾಡ್ತೇನೆ” ಎಂದಳು. ಅದಕ್ಕೂ ಸೊನ್ನೆ. ಸಮಾರಂಭ ತಪ್ಪಿಸಿದ್ದು ಎಷ್ಟು? ನಾದಿನಿಯ ಮಗನ ಮದುವೆಗೆ ಹೋಗಿದ್ದಳು. ಹಾಲ್‌ನ ಲೈಟು, ಬ್ಯಾಂಡು, ಮಲ್ಲಿಗೆಯ ವಾಸನೆ ಎಲ್ಲ ಸೇರಿ ಹೊಡೆದು, ಊಟದ ಹೊತ್ತು ಪೂರ್ತಿ ಬಚ್ಚಲಿನ ನೆಲದಲ್ಲಿ ಕೂತಿದ್ದಳು. “ಆದ್ರೆ ಫೋಟೋದಲ್ಲಿ ನಾನಿದ್ದೇನೆ” ಎಂದಳು. ಫೋಟೋದಲ್ಲಿದ್ದ ಮೇಲೆ ತಪ್ಪಿಸಿದ ಹಾಗಾಗುವುದಿಲ್ಲ. ಸೊನ್ನೆ.

ಇಷ್ಟು ಸೊನ್ನೆ ಬರೆದು ನನಗೇ ಹೊಟ್ಟೆ ಉರಿಯಿತು. ಹೊರಡುವಾಗ ನೀಲಿ ಪುಸ್ತಕ ಅವಳ ಕೈಗಿಟ್ಟು, ಅತ್ತೆಗೆ ಕೇಳದ ಹಾಗೆ ತುಳುವಿನಲ್ಲೇ ಹೇಳಿದೆ, “ನೋಡು, ಲಿಸ್ಟ್ ಆಗುವುದು ಇದರ ಮೇಲೆ. ಹದಿನೈದು ದಿನ ಬೇಕು. ಇಲ್ಲದ್ದನ್ನು ಬರೀಬೇಡ, ಇದ್ದದ್ದನ್ನು ಬಿಡಬೇಡ. ದಿನಾ ಬರಿ.” ಅವಳು ತಲೆಯಾಡಿಸಲಿಲ್ಲ, ಆಡಿಸಿದರೆ ನೋಯುತ್ತದೆ. ಕಣ್ಣು ಮುಚ್ಚಿ ತೆರೆದು ಆಗಲಿ ಎಂದಳು.

ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಮೂರೂ ತಿಂಗಳು ಅವಳು ಬರೆದಳು. ಒಂದು ದಿನವೂ ತಪ್ಪಿಸಲಿಲ್ಲ. ಡಿಸೆಂಬರಿನಲ್ಲಿ ಪುಸ್ತಕ ತರಲು ಹೋದಾಗ ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಕ್ಕಿ ಡಬ್ಬದ ಮೇಲಿಟ್ಟಿದ್ದಳು. ಹಾಳೆಗಳಲ್ಲಿ ಅಲ್ಲಲ್ಲಿ ರಬ್ಬರಿನ ವಾಸನೆ. ಅಕ್ಷರ ಏಳನೇ ಕ್ಲಾಸಿನ ಹುಡುಗಿಯದ್ದರ ಹಾಗೆ ದುಂಡಗೆ. ನನ್ನ ಕೈಗೆ ಕೊಡುವಾಗ, ಪರೀಕ್ಷೆ ಚೆನ್ನಾಗಿ ಬರೆದ ಮಕ್ಕಳಿಗಿರುತ್ತದಲ್ಲ, ಆ ಧೈರ್ಯ ಮುಖದಲ್ಲಿತ್ತು. “ಇಷ್ಟು ಸಾಕಾಗ್ತದೆ ಅಲ್ವಾ?” ಎಂದು ಕೇಳಿದಳು.

ಮನೆಗೆ ಬಂದು ಚಾ ಕುಡಿಯುತ್ತಾ ಪುಸ್ತಕ ಬಿಡಿಸಿದೆ. ‘ತಲೆನೋವು. ವಾಂತಿ.’ ಮರುದಿನ, ‘ತಲೆಬಿಸಿ.’ ಅದರ ಮರುದಿನ, ‘ತಲೆಬಿಸಿ.’ ಮತ್ತೆ, ‘ತಲೆಬಿಸಿ.’ ಐದನೇ ದಿನ, ‘ತಲೆನೋವು. ಬೆಳಕಿಗೆ ಆಗುವುದಿಲ್ಲ.’ ಆಮೇಲೆ ಪುನಃ ಸಾಲು ಸಾಲು ತಲೆಬಿಸಿ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಯ್ಯೋ ಇವಳೇ, ತಲೆನೋವು ಬರಿ ಎಂದರೆ ಸಂಸಾರದ ಚಿಂತೆಯನ್ನೆಲ್ಲ ಬರೆದು ಕೊಟ್ಟಿದ್ದಾಳಲ್ಲ!

ನಮ್ಮ ಊರಲ್ಲಿ ತಲೆಬಿಸಿ ಎಂದರೆ ಏನೆಂದು ಯಾರಿಗೆ ಗೊತ್ತಿಲ್ಲ? ಬಸ್ಸು ಬರದಿದ್ದರೆ ತಲೆಬಿಸಿ, ಗ್ಯಾಸ್ ಮುಗಿದರೆ ತಲೆಬಿಸಿ, ಮಗಳು ಫೋನ್ ಎತ್ತದಿದ್ದರೆ ತಲೆಬಿಸಿ. ತುಳುವಿನಲ್ಲಿ ‘ಮಂಡೆಬೆಚ್ಚ’ ಎನ್ನುತ್ತೇವೆ, ಮಾತೂ ಅದೇ, ಅರ್ಥವೂ ಅದೇ, ಚಿಂತೆ. ದೂರದ ಊರಿನ ಯಾರಾದರೂ ಈ ಪುಸ್ತಕ ನೋಡಿದ್ದರೆ ಆ ಶಬ್ದದ ಹತ್ತಿರ ತಡೆದು ನಿಂತು, ಫೋನ್ ಮಾಡಿ, ಅಮ್ಮಾ ಇದು ಏನು ಎಂದು ಕೇಳುತ್ತಿದ್ದರು. ನನಗೆ ಕೇಳುವ ಅಗತ್ಯ ಎಲ್ಲಿ? ನಾನು ಊರವಳು. ನನಗೆ ಗೊತ್ತಲ್ಲ.

ತಲೆನೋವು ಎಂದು ಬರೆದ ದಿನಗಳನ್ನು ಎಣಿಸಿದೆ. ಸೆಪ್ಟೆಂಬರಿನಲ್ಲಿ ಒಂಬತ್ತು, ಅಕ್ಟೋಬರಿನಲ್ಲಿ ಹತ್ತು, ನವೆಂಬರಿನಲ್ಲಿ ಒಂಬತ್ತು. ಹದಿನೈದಕ್ಕೆ ಎಲ್ಲಿಯೂ ಮುಟ್ಟಲಿಲ್ಲ. ಬೇಜಾರಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಸುಳ್ಳು ಲೆಕ್ಕ ಬರೆಯಲಾಗುತ್ತದಾ? ಇಪ್ಪತ್ತೆರಡು ವರ್ಷದಲ್ಲಿ ಒಂದು ಕೋಳಿಯನ್ನೂ ನಾನು ಹೆಚ್ಚು ಬರೆದವಳಲ್ಲ. ಒಂಬತ್ತು, ಹತ್ತು, ಒಂಬತ್ತು ಎಂದು ತುಂಬಿಸಿ, ಕೆಳಗೆ ಟಿಪ್ಪಣಿಯ ಜಾಗದಲ್ಲಿ ಚಂದದ ಅಕ್ಷರದಲ್ಲಿ ಸೇರಿಸಿದೆ: ‘ಕೌಟುಂಬಿಕ ಚಿಂತೆ ಅಧಿಕ.’ ಯಾರೂ ಕೇಳದೆ ಸೇರಿಸಿದ ಆ ಮೂರು ಶಬ್ದಕ್ಕಾಗಿ ಅವತ್ತು ನನಗೆ ಹೆಮ್ಮೆಯೂ ಆಗಿತ್ತು.

ಜನವರಿ ಮೊದಲ ವಾರ ಪತ್ರ ಬಂತು. ಕೊಡಲು ನಾನೇ ಹೋದೆ. ಶೇಖರ ಪಿಕಪ್ ತೊಳೆಯುತ್ತಿದ್ದವನು ಕೈ ಒರೆಸಿಕೊಂಡು ಬಂದು, ಜಗಲಿಯಲ್ಲಿ ನಿಂತು, ನಿಧಾನವಾಗಿ ಅಕ್ಷರ ಅಕ್ಷರ ಕೂಡಿಸಿ ಓದಿದ. ‘ತಮ್ಮ ತಲೆನೋವು ದೀರ್ಘಕಾಲಿಕ ಮೈಗ್ರೇನ್ ವರ್ಗಕ್ಕೆ ಸೇರುವುದಿಲ್ಲವೆಂದು ತಿಳಿಸಲಾಗಿದೆ.’ ಎರಡನೇ ಸಲ ಓದಿದ. ಆಮೇಲೆ ಅವನ ಮುಖ ಅರಳಿದ್ದನ್ನು ನಾನು ನೋಡಿದೆ. “ಇಲ್ಲ ಅಂತೆ! ವಿನೋದಾ, ಆ ದೊಡ್ಡ ರೋಗ ನಿನಗೆ ಇಲ್ಲ ಅಂತೆ! ಅಮ್ಮಾ, ಕೇಳಿದ್ರಾ?” ಎಂದು ಒಳಗೆ ಓಡಿದ. ಪಾಪದ ಮನುಷ್ಯ. ಮೂರು ತಿಂಗಳಿಂದ ಒಳಗೊಳಗೆ ಹೆದರಿಕೊಂಡಿದ್ದನಂತೆ, ಹೆಂಡತಿಯ ತಲೆಯಲ್ಲಿ ಗಡ್ಡೆಗಿಡ್ಡೆ ಇದ್ದರೆ ಏನು ಮಾಡಲಿ ಎಂದು. ಅವತ್ತೇ ಬೆಳ್ತಂಗಡಿಗೆ ಹೋಗಿ ಲಾಡು ತಂದು ನೆರೆಮನೆಗೆಲ್ಲ ಹಂಚಿದ.

ವಿನೋದಾ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು. “ಎಷ್ಟು ಬೇಕಿತ್ತು ಅಕ್ಕಾ?”

“ಹದಿನೈದು.”

“ನನಗೆ ಎಷ್ಟಾಯ್ತು?”

“ಒಂಬತ್ತು. ಒಂದು ತಿಂಗಳು ಹತ್ತು.”

ಅವಳು ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಹೇಳಲಿಲ್ಲ. ದೊಡ್ಡ ಆಸ್ಪತ್ರೆಯವರ ಲೆಕ್ಕ ಬೇರೆ ಇರುತ್ತದೆ ಎಂದು ಅಂದುಕೊಂಡಳಂತೆ, ಆಮೇಲೆ ಹೇಳಿದಳು. ಆಗಲೇ ಹೇಳಿದ್ದರೆ! ಆಗ ಪಟ್ಟಿ ಮುಚ್ಚಲು ಇನ್ನೂ ಹದಿನೆಂಟು ದಿನ ಸಮಯವಿತ್ತು.

ಜನವರಿ ಕೊನೆಗೆ ಒಂದು ಸಹಿ ಬಾಕಿಯಿದೆಯೆಂದು ಪುನಃ ಹೋದೆ. ಮನೆಯಲ್ಲಿರಲಿಲ್ಲ. ತೋಟದ ಶೆಡ್ಡಿನಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟಲು ಆಸಿಡ್ ಹಾಕುವ ಟ್ರೇಗಳ ಪಕ್ಕ, ಕುಕ್ಕರುಗಾಲಿನಲ್ಲಿ ಕೂತು ಎರಡೂ ಅಂಗೈಗಳಿಂದ ಕಣ್ಣು ಒತ್ತಿ ಹಿಡಿದಿದ್ದಳು. ಹೊತ್ತು ಹನ್ನೊಂದು ದಾಟಿತ್ತು. ಬೇರೆ ಹೆಂಗಸರೆಲ್ಲ ಆಗಲೇ ಮನೆಗೆ ಹೋಗಿದ್ದರು. ಇವಳಿಗೆ ಮಾತ್ರ ಈಗ ಐನೂರು ಮರ. ರೋಗ ಇಲ್ಲವೆಂದು ಕಾಗದ ಬಂದ ಮೇಲೆ ಶೇಖರ ಹೇಮರಾಜರಲ್ಲಿ ಮಾತಾಡಿ ಇನ್ನೂರು ಮರ ಹೆಚ್ಚು ಕೊಡಿಸಿದ್ದ. ಒಳ್ಳೆಯ ಮನಸ್ಸಿನಿಂದಲೇ ಕೊಡಿಸಿದ್ದು. ಮಧ್ಯಾಹ್ನ ಮಲಗುವ ಅಭ್ಯಾಸ ಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ಅತ್ತೆ ಹೇಳಿದ್ದರಂತೆ. ದೊಡ್ಡ ಡಾಕ್ಟರೇ ಇಲ್ಲ ಎಂದ ಮೇಲೆ ಮಲಗುತ್ತೇನೆ ಎನ್ನಲು ಅವಳಿಗೂ ಬಾಯಿ ಇರಲಿಲ್ಲ.

“ತಲೆನೋವಾ ವಿನೋದಾ?” ಎಂದು ಕೇಳಿದೆ.

“ಅಲ್ಲ ಅಕ್ಕಾ, ತಲೆನೋವು ಅಲ್ಲ. ಮಂಡೆಬೆಚ್ಚ.”

ನಾನು ನನ್ನ ಎಂದಿನ ಕುಶಾಲಿನ ಸ್ವರದಲ್ಲಿ, “ಯಾರಿಗಿಲ್ಲ ಮಾರಾಯ್ತಿ ಮಂಡೆಬೆಚ್ಚ? ಎಂತ ಆಯ್ತು, ಮಗಳ ಫೀಸಾ?” ಎಂದೆ.

ಅವಳು ಕೈ ತೆಗೆದು ನನ್ನನ್ನು ನೋಡಿದಳು. ಒಂದು ಕಣ್ಣು ಸಣ್ಣದಾಗಿತ್ತು. “ಫೀಸು ಯಾಕೆ? ಇಲ್ಲಿ, ಇಲ್ಲಿ ಬೆಚ್ಚ” ಎಂದು ಎಡಗಣ್ಣಿನ ಮೇಲಿಂದ ಕಿವಿಯ ಹಿಂದಿನವರೆಗೆ ಬೆರಳು ಎಳೆದಳು. “ಒಳಗೆ ದೋಸೆಕಲ್ಲು ಇಟ್ಟ ಹಾಗೆ. ಪುಸ್ತಕದಲ್ಲಿ ದಿನಾ ಬರ್ದಿದ್ದೆನಲ್ಲ?”

“ಹಾಗಾದ್ರೆ ತಲೆನೋವು ಅಂತ ಯಾಕೆ ಬರೀಲಿಲ್ಲ?”

“ವಾಂತಿ ಆಗಿ ಬಿದ್ದ ದಿನ ತಲೆನೋವು. ಎದ್ದು ನಿಲ್ಲಲಿಕ್ಕೆ ಆದ್ರೆ ಅದಕ್ಕೆ ತಲೆನೋವು ಅಂತ ಹೇಗೆ ಹೇಳುದು? ದಿನಾ ತಲೆನೋವು ತಲೆನೋವು ಅಂತ ಬರೆದ್ರೆ ನೀವು ನಂಬ್ತಿದ್ರಾ? ಸುಳ್ಳು ಬರೀಬೇಡ ಅಂತ ನೀವೇ ಹೇಳಿದ್ದು.”

ಸಹಿ ಹಾಕಿಸಿಕೊಳ್ಳದೆ ವಾಪಸ್ ಬಂದೆ. ಪುಸ್ತಕ ನನ್ನ ಕಪಾಟಿನಲ್ಲೇ ಇತ್ತು. ಬಿಡಿಸಿ, ಈ ಸಲ ಎರಡೂ ಶಬ್ದಗಳನ್ನು ಸೇರಿಸಿ ಎಣಿಸಿದೆ. ತಲೆನೋವು ಇಪ್ಪತ್ತೆಂಟು ದಿನ, ತಲೆಬಿಸಿ ಐವತ್ತೊಂಬತ್ತು ದಿನ. ತೊಂಬತ್ತೊಂದು ದಿನಗಳಲ್ಲಿ ಎಂಬತ್ತೇಳು. ಉಳಿದ ನಾಲ್ಕು ದಿನ ಅವಳು ಬರೀ ಒಂದು ಗೆರೆ ಎಳೆದಿದ್ದಳು. ಹದಿನೈದು ಬೇಕಿದ್ದ ಕಡೆ ತಿಂಗಳಿಗೆ ಇಪ್ಪತ್ತೊಂಬತ್ತು ಇತ್ತು. ನಾನು ಒಂಬತ್ತು ಎಂದು ಬರೆದಿದ್ದೆ, ಚಂದದ ಅಕ್ಷರದಲ್ಲಿ. ನನ್ನ ಕೈ ಮುರಿದುಹೋಗಬಾರದಿತ್ತೇ ಎಂದು ಅತ್ತುಬಿಟ್ಟೆ. ನಿಜವಾಗಿಯೂ ಅತ್ತುಬಿಟ್ಟೆ, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು.

ಮರುದಿನ ಬೆಳಗ್ಗಿನ ಬಸ್ಸಿಗೇ ಕಾಲೇಜಿಗೆ ಹೋದೆ. ಅಧ್ಯಯನ ನೋಡಿಕೊಳ್ಳುತ್ತಿದ್ದ ಡಾಕ್ಟರು ಬೆಂಗಳೂರು ಕಡೆಯ ಚಿಕ್ಕ ಪ್ರಾಯದವರು, ಒಳ್ಳೆಯವರು. ಪುಸ್ತಕವನ್ನು ಪುಟ ಪುಟ ತಿರುಗಿಸಿ ನೋಡಿದರು. “ನೀವು ಹೇಳೋದು ನಂಗೆ ಅರ್ಥ ಆಗುತ್ತೆ ಮೇಡಂ. ಇದು ಪಕ್ಕಾ ದೀರ್ಘಕಾಲಿಕ. ದಿನಾ ನುಂಗೋ ಆ ಮಾತ್ರೇನೂ ನೋವನ್ನ ಜಾಸ್ತಿ ಮಾಡ್ತಾ ಇರುತ್ತೆ. ಆದ್ರೆ ಪಟ್ಟಿ ಕ್ಲೋಸ್ ಆಗಿ ಹತ್ತು ದಿನ ಆಯ್ತು, ಔಷಧ ಎಲ್ಲ ಹೆಸರಿಗೆ ಹಂಚಿ ಆಗಿದೆ.” ನಾನು ಕೈ ಮುಗಿದೆ. ನನ್ನ ತಪ್ಪು, ನನ್ನನ್ನು ತೆಗೆದುಹಾಕಿ, ಅವಳನ್ನು ಸೇರಿಸಿ ಎಂದೆ. ಅವರು ಎದ್ದು ಕಪಾಟು ತೆರೆದರು. ಮುಂದಿನ ವರ್ಷ ಎರಡನೇ ಹಂತ ಬಂದರೂ ಬರಬಹುದು, ಅದಕ್ಕೆ ಹೊಸದಾಗಿ ಮೂರು ತಿಂಗಳು ಬರೆಯಬೇಕು, ಬರೆದರೂ ಖಂಡಿತ ಎಂದು ಹೇಳಲಾಗುವುದಿಲ್ಲ ಎಂದು ಹೇಳಿ ಒಂದು ಹೊಸ ನೀಲಿ ಪುಸ್ತಕ ಕೊಟ್ಟರು. ಜೊತೆಗೆ ಒಂದು ಫಾರಂ. ಮನಸ್ಸಿಲ್ಲದವರಿಂದ ಪುಸ್ತಕ ವಾಪಸ್ ತರುವಾಗ ತುಂಬಿಸಬೇಕಾದದ್ದು.

ಫೆಬ್ರವರಿಯಲ್ಲಿ ರಬ್ಬರ್ ಮರಗಳು ಎಲೆ ಉದುರಿಸುತ್ತವೆ, ಟ್ಯಾಪಿಂಗ್ ಇರುವುದಿಲ್ಲ. ವಿನೋದಾ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿಗೆ ಬಡಿಯುವುದಿಲ್ಲ ಅವಳು, ಸದ್ದು ತಲೆಗೆ ಹೊಡೆಯುತ್ತದೆಂದು ಕೈಯಲ್ಲೇ ತಿಕ್ಕುತ್ತಾಳೆ. ನಾನು ಪಕ್ಕದ ಮೆಟ್ಟಿಲಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ತಲೆಬಿಸಿ ಎಂಬುದನ್ನು ನಾನು ಹೇಗೆ ಓದಿದೆ, ಏನು ಬರೆದೆ, ಯಾಕೆ ಫೋನ್ ಮಾಡಿ ಕೇಳಲಿಲ್ಲ. ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಎರಡೂ ಸೇರಿಸಿದ್ರೆ ಎಷ್ಟಾಗ್ತದೆ?” ಎಂದು ಕೇಳಿದಳು.

“ಎಂಬತ್ತೇಳು.”

“ಎಷ್ಟು ದಿನದಲ್ಲಿ?”

“ತೊಂಬತ್ತೊಂದು.”

ನೆನೆದ ಬೆರಳುಗಳಲ್ಲಿ ಲೆಕ್ಕ ಹಾಕಿದಳು. ಒಮ್ಮೆ ಹಾಕಿ ಸರಿಯಾಗಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಹಾಕಿದಳು. “ನಾಲ್ಕಾ?” ಎಂದಳು. “ಒಳ್ಳೆದಿದ್ದ ದಿನ ನಾಲ್ಕೇನಾ?” ಎಂದು ಮತ್ತೆ ಕೇಳಿದಳು. “ದಿನಾ ಬರೆದದ್ದು ಹೌದು, ಒಟ್ಟು ಎಣಿಸಿರ್ಲಿಲ್ಲ ಅಕ್ಕಾ. ತಿಂಗಳಲ್ಲಿ ಒಂದು ಹತ್ತು ದಿನವಾದ್ರೂ ನಾನು ಒಳ್ಳೆದಿರ್ತೇನೆ ಅಂತ ನನ್ನ ಮನಸ್ಸಿನಲ್ಲಿತ್ತು.”

ನಾನು ಚೀಲದಿಂದ ಹೊಸ ಪುಸ್ತಕ ತೆಗೆದು ಅವಳ ಕೈಗೆ ಕೊಡಲು ಹೋದೆ. ಇನ್ನು ಮೂರು ತಿಂಗಳು, ಈ ಸಲ ನಾನೇ ವಾರಕ್ಕೊಮ್ಮೆ ಬಂದು ನೋಡುತ್ತೇನೆ, ಒಂದು ಶಬ್ದವೂ ತಪ್ಪದ ಹಾಗೆ ನೋಡಿಕೊಳ್ಳುತ್ತೇನೆ ಎಂದೆ. ಅವಳು ಕೈ ಸೀರೆಗೆ ಒರೆಸಿಕೊಂಡಳು, ಪುಸ್ತಕ ಹಿಡಿಯಲಿಲ್ಲ.

“ಬರೆದ್ರೆ ಇಂಜೆಕ್ಷನ್ ಸಿಗ್ತದೆ ಅಂತ ಬರೆದು ಕೊಡ್ತಾರಾ?”

“ಇಲ್ಲ. ಸಿಗಬಹುದು ಅಂದಿದ್ದಾರೆ.”

“ಹಾಗಾದ್ರೆ ಬೇಡ. ಇವರು ಲಾಡು ಹಂಚಿ ಆಗಿದೆ. ರೋಗ ಇಲ್ಲ ಅಂತ ಮನೆಯಲ್ಲಿ ಎಲ್ಲರೂ ಖುಷಿಯಲ್ಲಿದ್ದಾರೆ, ಅವರಿಗೆ ಪುನಃ ಎಂತ ಹೇಳ್ಲಿ?” ನನ್ನನ್ನು ನೋಡದೆ, “ಮತ್ತೆ ನನಗೆ ಇನ್ನು ಎಣಿಸ್ಲಿಕ್ಕೆ ಧೈರ್ಯ ಇಲ್ಲ. ಗೊತ್ತಿಲ್ಲದೆ ಇಪ್ಪತ್ತು ವರ್ಷ ಹೋಯ್ತು. ನಾಲ್ಕು ಅಂತ ಗೊತ್ತಿಟ್ಟುಕೊಂಡು ಹೇಗೆ ಏಳುದು ಬೆಳಿಗ್ಗೆ?” ಎಂದಳು. ಅಷ್ಟು ಹೇಳಿ ಬಾಲ್ದಿಗೆ ಕೈ ಹಾಕಿ ಉಳಿದ ಬಟ್ಟೆ ತೆಗೆದಳು.

ರಸ್ತೆಗೆ ಬಂದು ಬಸ್‌ಸ್ಟಾಪಿನ ಕಟ್ಟೆಯಲ್ಲಿ ಕೂತು ಫಾರಂ ತೆಗೆದೆ. ರೋಗಿಯ ಹೆಸರು, ಊರು, ದಿನಾಂಕ ತುಂಬಿಸಿದೆ. ಪುಸ್ತಕ ಹಿಂದಿರುಗಿಸಲು ಕಾರಣ ಎಂಬಲ್ಲಿ ಮೂರು ಚೌಕಗಳಿದ್ದವು: ಊರು ಬಿಟ್ಟಿದ್ದಾರೆ, ಮರಣ ಹೊಂದಿದ್ದಾರೆ, ಆಸಕ್ತಿ ಇಲ್ಲ. ಬೇರೆ ಏನಾದರೂ ಬರೆಯಲು ಜಾಗವಿದೆಯೇ ಎಂದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಎರಡು ಬಸ್ಸು ಹೋದವು. ಮೂರನೆಯದು ಬಂದಾಗ, ಆಸಕ್ತಿ ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿ ಹತ್ತಿದೆ.